ಹಿಂಬದಿಯ ಐದು ತೂತು

ದಸರೆಯ ಮರುದಿನ, ಶುಕ್ರವಾರ ಬೆಳಗ್ಗೆ, ದೇವಾನಂದ ಕಾಕಾ ಬಾರಿಸಿದ ಒಂದು ಸ್ವರ ಬರಲಿಲ್ಲ.

ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದೆ. ಕಾಕಾನ ಬೆರಳು ಕೀಬೋರ್ಡಿನ ಬಿಳಿ ಕೀ ಮೇಲೆ ಇಳಿದದ್ದನ್ನು ಕಂಡೆ. ಕೀ ಒಳಗೆ ಹೋಗಿ ಮೇಲೆ ಬಂದದ್ದನ್ನೂ ಕಂಡೆ. ಆದರೆ ಸ್ಪೀಕರಿನೊಳಗಿನ ಶಹನಾಯಿ ಅಷ್ಟು ಜಾಗವನ್ನು ಖಾಲಿ ಬಿಟ್ಟು ಮುಂದಕ್ಕೆ ಹೋಯಿತು.

"ಕಾಕಾ, ಒಂದು ನೋಟ್ ಹೋಯ್ತು," ಅಂದ ಅಮೋಲ್, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

"ಬಾರಿಸಿದ್ನಲ್ಲೋ."

"ಆಯಾ ನಹೀ. ಫಿರ್ ಸೇ."

ಕಾಕಾ ಮತ್ತೆ ಬಾರಿಸಿದರು. ಈ ಸಲ ಎಲ್ಲವೂ ಬಂದವು. ಮೂರನೆಯ ಸಲ ಎರಡು ಸ್ವರ ಬರಲಿಲ್ಲ.

ಇದು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೆಯ ಮಾಳಿಗೆಯಲ್ಲಿರುವ ಒಂದು ಗಾಳಾ. ಸಾಲಾಗಿ ಶಟರ್ ಹಾಕಿದ ಕೋಣೆಗಳಿಗೆ ಇಲ್ಲಿ ಗಾಳಾ ಅನ್ನುತ್ತಾರೆ. ನಮ್ಮ ಎಡಕ್ಕೆ ತಗಡು ಕತ್ತರಿಸುವ ಪ್ರೆಸ್, ಬಲಕ್ಕೆ ಪ್ಲಾಸ್ಟಿಕ್ ಮುಚ್ಚಳ ಮಾಡುವವರು. ನಡುವೆ, ಗೋಡೆಗೆಲ್ಲ ಸ್ಪಂಜು ಅಂಟಿಸಿಕೊಂಡು, ಬೆಳಗಾವಿಯ ಸುಭಾಷಣ್ಣನ ಸ್ಟುಡಿಯೋ. ದೇವಿಯ ಪದಗಳು, ಮದುವೆ ಹಾಡುಗಳು, ತೊಟ್ಟಿಲ ಹಾಡುಗಳು ಇಲ್ಲಿ ತಯಾರಾಗಿ ನಮ್ಮ ಕಡೆಯ ಜನರ ಫೋನುಗಳಿಗೆ ಹೋಗುತ್ತವೆ. ಕಂಪ್ಯೂಟರ್ ಮುಂದೆ ಕೂರುವವನು ಅಮೋಲ್. ಅವನ ಅಮ್ಮ ನಿಪ್ಪಾಣಿಯವಳು. ಅವನಿಗೆ ಕನ್ನಡ ತಿಳಿಯುತ್ತದೆ, ಮಾತಾಡುವಾಗ ಒಂದೇ ಮಾತಿನಲ್ಲಿ ಮೂರು ಭಾಷೆ ಬರುತ್ತವೆ. ಕಾಕಾ ಧಾರವಾಡದವರು, ಸಾಂತಾಕ್ರೂಜ್‌ನಲ್ಲಿ ಮನೆ. ಹಾರ್ಮೋನಿಯಂ ಬಾರಿಸುತ್ತ ಮುಂಬೈಗೆ ಬಂದು, ಆಮೇಲೆ ಕೀಬೋರ್ಡ್ ಕಲಿತು, ಅರವತ್ತರ ಮೇಲಾದರೂ ಬಾರಿಸುತ್ತಲೇ ಇದ್ದಾರೆ.

ನಾನು ಕಸ ಗುಡಿಸುತ್ತೇನೆ, ಚಹಾ ತರುತ್ತೇನೆ, ಕೇಬಲ್ ಸುತ್ತಿಡುತ್ತೇನೆ, ಶಟರ್ ತೆಗೆದು ಹಾಕುತ್ತೇನೆ. ಮೊದಲು ಪಕ್ಕದ ಗಾಳಾದಲ್ಲಿ ಮುಚ್ಚಳದ ಅಂಚು ಕತ್ತರಿಸುತ್ತಿದ್ದೆ. ಊಟದ ಹೊತ್ತಿನಲ್ಲಿ ಈ ಬಾಗಿಲ ಹೊರಗೆ ಬಂದು ನಿಲ್ಲುತ್ತಿದ್ದೆ. ಒಂದು ದಿನ ಕಾಕಾ ಒಳಗಿನಿಂದ ಸುಭಾಷಣ್ಣನಿಗೆ ಹೇಳಿದ್ದು ಕೇಳಿಸಿತ್ತು: "ಈ ಹುಡಿಗಿ ವಾರದಿಂದ ಹೊಚ್ಚಲದಾಗ ನಿಂತು ಕೇಳಾಕತ್ತೈತಿ. ಒಳಗರ ಕರ್ಕೊಳ್ಳೋ ಮಾರಾಯಾ, ಅಲ್ಲಿ ಮಷೀನ್ ಸಪ್ಪಳದಾಗ ಅದರ ಕಿವಿ ಹಾಳಾಕ್ಕಾವು."

ಹಾಗೆ ಒಳಗೆ ಬಂದೆ. ಒಂದೂವರೆ ವರ್ಷ ಆಯಿತು.

ಒಳಗೆ ಬಂದ ಮೇಲೆ ನೋಡುತ್ತ ನೋಡುತ್ತ ತಿಳಿದದ್ದು ಇಷ್ಟು. ಕಾಕಾನ ಕೀಬೋರ್ಡು ಇಲ್ಲಿ ದನಿ ಮಾಡುವುದಿಲ್ಲ. ಅದರ ಸ್ವಂತ ದನಿಯನ್ನು ಅಮೋಲ್ ಬಂದ್ ಮಾಡಿ ಇಟ್ಟಿದ್ದಾನೆ. ಕಾಕಾ ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು ಎಂಬ ಸುದ್ದಿಯನ್ನಷ್ಟೇ ಅದು ಒಂದು ಕಪ್ಪು ಕೇಬಲಿನಲ್ಲಿ ಕಂಪ್ಯೂಟರಿಗೆ ಕಳಿಸುತ್ತದೆ. ಅದಕ್ಕೆ ಮಿಡಿ ಕೇಬಲ್ ಅನ್ನುತ್ತಾರೆ. ದನಿ ಕೊಡುವುದು ಕಂಪ್ಯೂಟರು. ಶಹನಾಯಿ ಬೇಕೆಂದರೆ ಶಹನಾಯಿ, ಕೊಳಲು ಬೇಕೆಂದರೆ ಕೊಳಲು. ಬಂದ ಪ್ರತಿ ಸ್ವರವೂ ಪರದೆಯ ಮೇಲೆ ಒಂದು ಹಸಿರು ಗೆರೆಯಾಗಿ ಕೂರುತ್ತದೆ. ಎಷ್ಟು ಹೊತ್ತು ಒತ್ತಿ ಹಿಡಿದರೋ ಗೆರೆ ಅಷ್ಟು ಉದ್ದ. ಸುದ್ದಿ ತಲುಪದಿದ್ದರೆ ಗೆರೆ ಇಲ್ಲ, ದನಿಯೂ ಇಲ್ಲ.

ಶುಕ್ರವಾರ ಅಮೋಲ್ ಎದ್ದು ಬಂದು, ಕೀಬೋರ್ಡನ್ನು ಮುಂದಕ್ಕೆಳೆದು, ಹಿಂಬದಿಯಿಂದ ಕೇಬಲ್ ಕಿತ್ತ. ಅದರ ತುದಿಯ ಐದು ಮುಳ್ಳುಗಳ ಮೇಲೆ ಕೆಂಪಗೆ ಏನೋ ಹತ್ತಿತ್ತು. ಅವನು ಅದನ್ನು ಜೀನ್ಸ್‌ಗೆ ಒರೆಸಿಕೊಂಡ.

"ಜಂಗ್ ಲಗಾ ಹೈ. ಕಾಕಾ, ನಿಮ್ಮ ಪೇಟಿ ಬುಢ್ಢಾ ಆಗ್ಯಾದ."

"ನನ್ನ ಜೋಡಿನ ಆಗೇತಿ ತಗೋ," ಎಂದು ಕಾಕಾ ನಕ್ಕರು.

ನನಗೆ ನಗು ಬರಲಿಲ್ಲ. ಅದು ತುಕ್ಕು ಆಗಿರಲಿಲ್ಲ.

ಬುಧವಾರ ಖಂಡೇ ನವಮಿ, ಆಯುಧ ಪೂಜೆ ಇತ್ತು. ಇಡೀ ಎಸ್ಟೇಟಿನಲ್ಲಿ ಮಷೀನುಗಳು ಬಂದ್. ಎಲ್ಲ ಶಟರಿಗೂ ಝೇಂಡು ಹೂವಿನ ಮಾಲೆ. ಸುಭಾಷಣ್ಣ ಹಬ್ಬಕ್ಕೆ ಬೆಳಗಾವಿಗೆ ಹೋಗಿದ್ದರು. ಫೋನ್ ಮಾಡಿ, "ರುದ್ರವ್ವಾ, ಪೂಜಿ ನೀನ ಮಾಡಿಬಿಡವಾ. ಎಲ್ಲಾಕ್ಕೂ ಹೂವ ಏರಿಸು, ಕುಂಕುಮ ಮ್ಯಾಲಿಂದ ಮ್ಯಾಲ ಹಚ್ಚು. ಹಿಂದ ಕೈ ಹಾಕಬ್ಯಾಡ, ಭಾಳ ನಾಜೂಕ ಸಾಮಾನ ಅವು," ಎಂದಿದ್ದರು.

ನಮ್ಮ ಮನೆಯಲ್ಲಿ ಖಂಡೇ ಪೂಜೆಗೆ ಒಂದು ಪದ್ಧತಿ ಇದೆ. ಹತಾರಿನ ಬಾಯಿಗೆ ಹಚ್ಚಬೇಕು. ಅವ್ವ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾಳೆ. ಅವಳ ಬುಟ್ಟಿಗೆ ಅಂಚಿನ ಮೇಲೆ, ಅಪ್ಪನ ಕರಣಿಗೆ ತುದಿಯ ಮೇಲೆ, ಒಲೆಗೆ ಉರಿ ಬರುವ ಕಡೆ. ಬಾಯಿ ಬಿಟ್ಟು ಬೇರೆಲ್ಲಿ ಹಚ್ಚಿದರೂ ಪೂಜೆ ಅದಕ್ಕೆ ಮುಟ್ಟುವುದಿಲ್ಲ ಅನ್ನುತ್ತಾಳೆ ಅವ್ವ. ನಾನು ಮೈಕಿಗೆ ಜಾಳಿಗೆಯ ಕೆಳಗೆ, ಸ್ಪೀಕರಿಗೆ ಅಂಚಿಗೆ ಹಚ್ಚಿದೆ. ಕೀಬೋರ್ಡಿನ ಮುಂದೆ ಬಂದು ನಿಂತೆ. ಅದರ ಬಾಯಿ ಯಾವುದು? ಬೇರೆ ಯಾರಾದರೂ ಆಗಿದ್ದರೆ ಕೀಗಳ ಮೇಲೆ ಒಂದು ಬೊಟ್ಟು ಇಟ್ಟು ಮುಗಿಸುತ್ತಿದ್ದರು. ಅಲ್ಲಿಂದ ಏನೂ ಹೊರಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಾಕಾ ಬಾರಿಸಿದ್ದೆಲ್ಲ ಹೊರಬೀಳುವುದು ಹಿಂಬದಿಯ ಒಂದು ದುಂಡನೆಯ ಸಾಕೆಟಿನಿಂದ. ಅಂಥವು ಎರಡಿವೆ, ಅರ್ಧ ಚಂದ್ರನ ಹಾಗೆ ಐದೈದು ತೂತು. ಒಂದರ ಕೆಳಗೆ ಇನ್ ಅಂತಲೂ ಇನ್ನೊಂದರ ಕೆಳಗೆ ಔಟ್ ಅಂತಲೂ ಬರೆದಿದೆ. ಎಂಟನೆಯ ಇಯತ್ತೆಯವರೆಗೆ ಓದಿದ್ದಕ್ಕೆ ಅಷ್ಟು ಇಂಗ್ಲಿಷ್ ಬರುತ್ತದೆ.

ಔಟ್ ಅಂತ ಬರೆದದ್ದರ ಕೇಬಲ್ ಕಿತ್ತೆ. ಅರಿಶಿನ ಕುಂಕುಮವನ್ನು ನೀರಿನಲ್ಲಿ ಕಲಸಿ ಬೆರಳಿನಿಂದ ಹಚ್ಚಿದೆ. ಮೊದಲ ಬೊಟ್ಟು ಕಾಣಿಸಲಿಲ್ಲ, ಇನ್ನೊಂದು ಇಟ್ಟೆ. ಸ್ವಲ್ಪ ಒಳಗೆ ಇಳಿಯಿತು. ಕೇಬಲನ್ನು ಮತ್ತೆ ಒತ್ತಿ ಕೂರಿಸಿ, ಕೈ ಮುಗಿದು, ಎಷ್ಟು ಸರಿಯಾಗಿ ಮಾಡಿದೆ ಎಂದು ಹಿಗ್ಗಿಕೊಂಡು ಮನೆಗೆ ಹೋಗಿದ್ದೆ.

ಈಗ ಅಮೋಲ್ ಅದೇ ಸಾಕೆಟಿಗೆ ಕೇಬಲ್ ಸಿಕ್ಕಿಸುತ್ತಿದ್ದ. ಹೇಳು, ಹೇಳು ಎಂದುಕೊಂಡೆ. ಬಾಯಿ ತೆರೆದೆ ಕೂಡ.

"ರುದ್ರಾ, ಚಾಯ್ ಬೋಲ್ ದೇ ನಾ," ಅಂದ ಅಮೋಲ್.

ನಾನು ಚಹಾ ಹೇಳಲು ಹೋದೆ.

ಮಧ್ಯಾಹ್ನ ಇನ್ನೊಂದು ಆಯಿತು. ಕಾಕಾ ಕೈ ತೆಗೆದರೂ ಶಹನಾಯಿ ನಿಲ್ಲಲಿಲ್ಲ. ಒಂದೇ ಸ್ವರ, ಉಸಿರು ತಗೊಳ್ಳದೆ ಊದುತ್ತಲೇ ಇತ್ತು. ಬಿಟ್ಟ ಸುದ್ದಿ ತಲುಪಿರಲಿಲ್ಲ. ಅಮೋಲ್ ಒಂದೊಂದೇ ಬಟನ್ ಒತ್ತುವಷ್ಟರಲ್ಲಿ ಪ್ರೆಸ್ಸಿನ ಪೂವಪ್ಪ ಬಾಗಿಲಲ್ಲಿ ಇಣುಕಿದ.

"ಯಾರ ಲಗ್ನಾರೀ ಕಾಕಾ? ಅಕ್ಕಿಕಾಳ ಬಿದ್ದು ಹತ್ತ ನಿಮಿಷ ಆತು, ಊದೂದು ನಿಲ್ಲವಲ್ದು!"

"ನಿಂದ ಎರಡನೇ ಲಗ್ನ, ಬಾ ಒಳಗ," ಅಂದರು ಕಾಕಾ.

ಪೂವಪ್ಪ ನಗುತ್ತ ಹೋದ. ಅಮೋಲ್ ನಗಲಿಲ್ಲ. ಕಾಲಿನ ಪೆಡಲ್ ಒತ್ತಿ ಹಿಡಿದರೂ ಸ್ವರ ಹೀಗೆಯೇ ನಿಲ್ಲದೆ ಉಳಿಯುತ್ತದೆ. "ಕಾಕಾ, ಕೆಳಗ ಪೆಡಲ್ ಮೇಲೆ ಪಾಯ್ ಇತ್ತಾ?"

"ಇದ್ದಿರಬೇಕಪಾ," ಎಂದರು ಕಾಕಾ ಮೆಲ್ಲಗೆ.

ಇರಲಿಲ್ಲ. ಅವರ ಎರಡೂ ಪಾದ ಕುರ್ಚಿಯ ಕಾಲಿನ ಹಿಂದೆ ಇದ್ದವು. ನಾನು ನೋಡಿದ್ದೆ. ಅವರಿಗೇ ತಮ್ಮ ಪಾದ ಎಲ್ಲಿತ್ತು ಎಂಬುದರ ಮೇಲೆ ನಂಬಿಕೆ ಹೋಗಿತ್ತು.

ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಎರಡು ತಿಂಗಳಿನಿಂದ ಕಾಕಾನ ಬಲಗೈಯ ಉಂಗುರ ಬೆರಳು ಸರಿ ಇರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಬಿಸಿ ಚಹಾದ ಗ್ಲಾಸನ್ನು ಅವರು ಕುಡಿಯುವ ಮೊದಲು ಆ ಬೆರಳಿಗೆ ಒತ್ತಿ ಹಿಡಿಯುತ್ತಿದ್ದರು. ಅಂಗಿಯ ಗುಂಡಿಯನ್ನು ಎಡಗೈಯಿಂದ ಹಾಕುತ್ತಿದ್ದರು. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ, ಮೇಜಿನ ಕೆಳಗೆ ಕೈ ಇಳಿಸಿ ಝಾಡಿಸುತ್ತಿದ್ದರು. ಬಾಗಿಲ ಹತ್ತಿರ ಕೂತವಳಿಗೆ ಮೇಜಿನ ಕೆಳಗಿನದು ಕಾಣುತ್ತದೆ.

ಶನಿವಾರ ಅಮೋಲ್ ಹೊಸ ಕೇಬಲ್ ತಂದ. ಹಾಕಿದ ಮೇಲೆ ಅರ್ಧ ಗಂಟೆ ಒಂದು ಸ್ವರವೂ ತಪ್ಪಲಿಲ್ಲ. ಹೊಸ ಮುಳ್ಳುಗಳು ಒಳಗಿನ ಕುಂಕುಮವನ್ನು ಕೆರೆದಿರಬೇಕು. ಮುಗಿಯಿತು, ಇನ್ನು ಹೇಳುವುದೇ ಬೇಡ ಎಂದು ನಾನು ಗೋಡೆಗೆ ಒರಗಿದೆ. ಆಮೇಲೆ ಪಲ್ಲವಿಯ ನಡುವಿನಲ್ಲಿ ಮೂರು ಸ್ವರ ಒಟ್ಟಿಗೆ ಹೋದವು.

ಅಮೋಲ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಕೇಬಲ್ ಹೊಸದು, ಅರ್ಧ ಗಂಟೆ ಸರಿಯಾಗಿತ್ತು, ಈಗ ಕೈ ದಣಿದಿದೆ. ಅವನ ಲೆಕ್ಕ ಅವನ ಮುಖದ ಮೇಲೆಯೇ ಇತ್ತು.

"ಕಾಕಾ, ಗುಸ್ಸಾ ಮತ್ ಹೋನಾ. ಮಂಗಳವಾರ ವೈಶಾಲಿತಾಯಿ ಹಾಡೋಕೆ ಬರ್ತಾರೆ. ನೀವು ಆರಾಮ ಕೂತ್ಕೊಳ್ರಿ. ಶಹನಾಯಿ ನಾನು ಮೌಸ್‌ನಿಂದ ಹಾಕ್ತೀನಿ."

ಅವನು ಮೌಸ್ ಹಿಡಿದು ಪರದೆಯ ಮೇಲೆ ಒಂದೊಂದೇ ಹಸಿರು ಗೆರೆ ಎಳೆದ. ಇಪ್ಪತ್ತು ನಿಮಿಷದಲ್ಲಿ ಇಡೀ ಸಾಲು ತಯಾರಾಯಿತು. ಒಂದು ಸ್ವರವೂ ತಪ್ಪಿರಲಿಲ್ಲ. ಕಾಕಾ ಕಣ್ಣು ಮುಚ್ಚಿ ಕೇಳಿದರು.

"ಛಲೋ ಐತಿ," ಎಂದರು. "ಊದಾಂವ ಉಸರ ಎಲ್ಲಿ ತಗೋತಾನ ಅನ್ನೂದ ಅಷ್ಟ ತಿಳೀವಲ್ದು."

"ಕೇಳೋರಿಗೆ ಪತಾ ಚಲತ್ ನಾಹೀ, ಕಾಕಾ."

"ಹೌದಪಾ. ಅದೂ ಖರೇನ."

ಆ ದಿನ ಅವರು ಊಟದ ಡಬ್ಬಿ ಬಿಚ್ಚಲಿಲ್ಲ. ಸಂಜೆ ಸ್ಟೇಶನ್‌ವರೆಗೆ ನಾನು ಅವರ ಜೊತೆ ನಡೆದೆ; ಶನಿವಾರ ನನಗೂ ಆ ಕಡೆ ಕಾಯಿಪಲ್ಲೆ ತರುವುದಿರುತ್ತದೆ. ಬ್ರಿಜ್ಜಿನ ಮೆಟ್ಟಿಲು ಹತ್ತುವಾಗ ಅವರು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು.

"ಬೆರಳ ಜುಮು ಜುಮು ಅಂತಾವವಾ," ಎಂದರು, ನಾನು ಕೇಳದಿದ್ದರೂ. "ಡಾಕ್ಟರ್ ಕುತಿಗಿ ನರ ಅಂದಾನ. ಯಾರ ಮುಂದೂ ಹೇಳಬ್ಯಾಡ."

"ಇಲ್ರಿ."

"ಬೆರಳ ನೋಯತೈತಿ ಅಂತ ಚಿಂತಿಲ್ಲ ನನಗ. ಒತ್ತೇನಿ ಅಂತ ನನಗ ಅನಸತೈತಿ, ನೋಡು. ಪಕ್ಕಾ ಅನಸತೈತಿ. ನೋಡಿದ್ರ ಒತ್ತಿರೂದಿಲ್ಲ. ನಲವತ್ತ ವರ್ಷ ಕೂಡಿ ಇದ್ದ ಬೆರಳ, ಈಗ ನನಗ ಸುಳ್ಳ ಹೇಳಾಕತ್ತೈತಿ. ಬೆರಳನ್ನ ನಂಬದ ಹೆಂಗ ಬಾರಸೂದು?"

ಪ್ಲಾಟ್‌ಫಾರ್ಮಿನ ಮೇಲೆ ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು.

"ಸೋಮವಾರ ಸುಭಾಷ ಬರತಾನ. ಆಂವಗ ಹೇಳಿ, ಪೇಟಿ ಕಟಕೊಂಡು ಹೊಕ್ಕೀನಿ. ಅಮೋಲ ಛಲೋ ಹುಡುಗ, ಬಾಯಿ ಬಿಟ್ಟ ಹೋಗ್ರಿ ಅನ್ನಾಂವಲ್ಲ. ಆಂವ ಅನ್ನೂದ್ರಾಗ ನಾನ ಹೋಗಬೇಕು."

"ಕಾಕಾ..."

"ಏನವಾ?"

ಕೆಂಪು ಬಣ್ಣ, ತೂತು, ಬೊಟ್ಟು ಎಲ್ಲ ಗಂಟಲವರೆಗೆ ಬಂದವು. ಹಿಂದ ಕೈ ಹಾಕಬ್ಯಾಡ ಎಂದ ಸುಭಾಷಣ್ಣನ ಮಾತೂ ಬಂತು. ಮುಚ್ಚಳದ ಗಾಳಾದ ಸುಟ್ಟ ವಾಸನೆ ಬಂತು. ಚರ್ಚ್‌ಗೇಟ್ ಸ್ಲೋ ಲೋಕಲ್ ಬಂತು.

"ಏನಿಲ್ರಿ," ಎಂದೆ.

ಅವರು ಹತ್ತಿದರು. ಬಾಗಿಲ ಕಂಬವನ್ನು ಎಡಗೈಯಲ್ಲಿ ಹಿಡಿದು ನಿಂತರು.

ಭಾನುವಾರ ಅವ್ವ ರೊಟ್ಟಿ ಬಡಿಯುವಾಗ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ದೇವರ ಕುಂಕುಮ ಹಚ್ಚಿದ್ರ ಕೆಡತೈತಿ ಏನು? ಹುಚ್ಚಿ. ಮುದುಕಗ ವಯಸ್ಸಾಗೈತಿ."

"ಅದರ ಬಾಯಾಗ ಒಣಗಿ ಕುಂತೈತಿ ಬೇ. ಸುದ್ದಿ ಹೊರಗ ಬರವಲ್ದು."

"ಹಂಗಾರ ಹೇಳಬ್ಯಾಡ. ಹೇಳಿದ್ರ ನಾಳೆ ಮತ್ತ ಮುಚ್ಚಳ ಕತ್ತರಸಾಕ ಹೋಗ್ತಿ." ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಆಂವ ನಿನಗ ಏನಾಗಬೇಕು?"

ಕಾಕಾ ನನಗೆ ಏನೂ ಆಗಬೇಕಿಲ್ಲ. ಬಾಗಿಲ ಹೊರಗೆ ನಿಂತವಳನ್ನು ಒಳಗೆ ಕರೆಸಿದ್ದರು, ಅಷ್ಟೆ. ನನ್ನ ಕಿವಿಯ ಬಗ್ಗೆ ಅದಕ್ಕೂ ಮೊದಲು ಯಾರೂ ಏನೂ ಅಂದಿರಲಿಲ್ಲ.

ಒಂದು ಉಪಾಯ ಹೊಳೆಯಿತು. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ, ಅಮೋಲ್ ಮೈಕ್ ಒರೆಸಲು ಇಟ್ಟುಕೊಂಡ ಸ್ಪಿರಿಟ್ ಹಚ್ಚಿ ಆ ಐದು ತೂತನ್ನು ತೊಳೆದುಬಿಡುವುದು. ಸ್ವರ ಬರುತ್ತವೆ. ಕಾಕಾ ಒಂದು ಸಲ ಬಾರಿಸಿ ನೋಡುತ್ತಾರೆ, ಉಳಿಯುತ್ತಾರೆ. ನಾನು ಏನೂ ಹೇಳುವುದು ಬೇಡ. ಇದನ್ನೇ ಹಿಂದೆ ಮುಂದೆ ಮಾಡುತ್ತ ನಿದ್ದೆ ಬರಲಿಲ್ಲ.

ಸೋಮವಾರ ಎಂಟಕ್ಕೇ ಎಸ್ಟೇಟಿನ ಮೆಟ್ಟಿಲು ಹತ್ತಿದೆ. ಶಟರ್ ಆಗಲೇ ತೆಗೆದಿತ್ತು.

ಸುಭಾಷಣ್ಣ ರಾತ್ರಿಯ ಬಸ್ಸಿನಿಂದ ಇಳಿದು ಸೀದಾ ಬಂದಿದ್ದರು. ಬ್ಯಾಗ್ ಇನ್ನೂ ಕಾಲ ಹತ್ತಿರವೇ ಇತ್ತು. ಅಮೋಲ್ ಮೂಲೆಯಲ್ಲಿ ಫೋನ್ ನೋಡುತ್ತಿದ್ದ, ಬೆರಳು ಮಾತ್ರ ಆಡುತ್ತಿರಲಿಲ್ಲ. ಕಾಕಾ ನೆಲದ ಮೇಲೆ ರೆಕ್ಸಿನ್ ಚೀಲ ಬಿಚ್ಚಿ ಹರಡಿದ್ದರು. ಕೀಬೋರ್ಡಿನ ವಾಯರುಗಳನ್ನೆಲ್ಲ ತೆಗೆದಾಗಿತ್ತು.

"ಹಂಗ ಒಮ್ಮಿಂದೊಮ್ಮೆ ಬ್ಯಾಡ್ರಿ ಕಾಕಾ," ಸುಭಾಷಣ್ಣ ಹೇಳುತ್ತಿದ್ದರು. "ಒಂದ ತಿಂಗಳ ಆರಾಮ ಮಾಡ್ರಿ. ಆಮ್ಯಾಲ ನೋಡೂಣು."

"ಆಮ್ಯಾಲ ನೋಡೂದೇನೈತೋ? ಮುಗೀತು. ಅಮೋಲಾ, ಆ ಕಡೆ ಹಿಡಿ."

ಇಬ್ಬರೂ ಕೀಬೋರ್ಡನ್ನು ಎತ್ತಿದರು.

"ತಡೀರಿ."

ಯಾರು ಅಂದರು ಎಂದು ಸುಭಾಷಣ್ಣ ಬಾಗಿಲ ಕಡೆ ತಿರುಗಿ ನೋಡಿದರು. ಅಂದದ್ದು ನಾನೇ. ಆದರೆ ಮುಂದಿನ ಮಾತು ಬರಲಿಲ್ಲ. ಎಷ್ಟು ಎಳೆದರೂ ಬರಲಿಲ್ಲ. ಹಾಗಾಗಿ ಕೈಯಿಂದ ಮಾಡಿದೆ. ಕೀಬೋರ್ಡನ್ನು ಅವರ ಕೈಯಿಂದ ಸ್ಟ್ಯಾಂಡಿನ ಮೇಲೆ ಇಳಿಸಿಕೊಂಡೆ. ಕರೆಂಟಿನ ವಾಯರ್ ಸಿಕ್ಕಿಸಿದೆ. ಮಿಡಿ ಕೇಬಲನ್ನೂ ಅದರ ಜಾಗದಲ್ಲಿ ಸಿಕ್ಕಿಸಿದೆ. ಸ್ಪೀಕರ್ ಬಂದ್ ಮಾಡಿ, ಅಮೋಲನ ಹೆಡ್‌ಫೋನನ್ನು ಕಂಪ್ಯೂಟರಿಗೆ ಹಾಕದೆ ಕೀಬೋರ್ಡಿಗೇ ಹಾಕಿದೆ. ಆಮೇಲೆ ಅದರ ಸ್ವಂತ ದನಿ ಬಿಡುವ ಬಟನ್ ಒತ್ತಿದೆ. ಅಮೋಲ್ ಅದನ್ನು ಬಂದ್ ಮಾಡುವುದನ್ನು ನಾನು ನೂರು ಸಲ ನೋಡಿದ್ದೆ.

"ಏ ರುದ್ರಾ, ಕಾಯ್ ಕರ್ತೇಸ್?" ಅಂದ ಅಮೋಲ್. ಆದರೆ ಅವನು ತಡೆಯಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತಿದ್ದ.

ಹೆಡ್‌ಫೋನನ್ನು ಕಾಕಾನ ಕಿವಿಗೆ ಇಟ್ಟೆ. "ಬಾರಿಸ್ರಿ."

ಅವರು ನನ್ನ ಮುಖ ನೋಡಿದರು. ಕೂತರು. ಶನಿವಾರದ ಅದೇ ಸಾಲು ಬಾರಿಸಿದರು. ನಮಗೆ ಏನೂ ಕೇಳಿಸಲಿಲ್ಲ, ಕೀಗಳ ಸಣ್ಣ ಟಪಟಪ ಮಾತ್ರ. ಪರದೆಯ ಮೇಲೆ ಹಸಿರು ಗೆರೆಗಳು ಬರುತ್ತಿದ್ದವು. ನಡುವೆ ಒಂದು ಇಲ್ಲ, ಆಮೇಲೆ ಎರಡು ಇಲ್ಲ.

"ಗೇಲಾ, ಹೋಯ್ತು," ಅಂದ ಅಮೋಲ್, ಎಂದಿನಂತೆ.

"ಏನ ಗೇಲಾ?" ಕಾಕಾ ಹೆಡ್‌ಫೋನಿನ ಒಂದು ಕಿವಿ ಸರಿಸಿದರು. "ಎಲ್ಲಾ ಬಂದಾವಲ್ಲೋ. ನನಗ ಕೇಳಿಸ್ಯಾವು."

ಅಮೋಲ್ ಹೆಡ್‌ಫೋನ್ ಇಸಿದುಕೊಂಡು ತನ್ನ ಕಿವಿಗೆ ಹಾಕಿಕೊಂಡ. "ಫಿರ್ ಸೇ, ಕಾಕಾ." ಕಾಕಾ ಬಾರಿಸಿದರು. ಅಮೋಲ್ ಕಿವಿಯಿಂದ ಕೇಳುತ್ತ ಕಣ್ಣಿನಿಂದ ಪರದೆ ನೋಡಿದ. ಅವನ ಹುಬ್ಬು ಮೇಲೇರಿತು.

ಆಗ ಮಾತು ಬಂತು.

"ನಿಮ್ಮ ಬೆರಳ ಸುಳ್ಳ ಹೇಳಿಲ್ರಿ ಕಾಕಾ. ನೀವು ಒತ್ತೀರಿ. ಕೀಬೋರ್ಡೂ ಹೇಳೇತಿ. ಇಲ್ಲಿ ಹಿಂದ, ನಾ ಖಂಡೇ ಪೂಜಿ ದಿವಸ ಕುಂಕುಮ ಹಚ್ಚೇನ್ರಿ. ಬಾಯಿಗೆ ಹಚ್ಚಬೇಕಂತ. ಒಳಗ ಹೋಗೇತಿ."

ಅಮೋಲ್ ಫೋನಿನ ಟಾರ್ಚ್ ಹಚ್ಚಿ, ಕೇಬಲ್ ಕಿತ್ತು, ಹಿಂಬದಿಗೆ ಬಗ್ಗಿದ. ಆಮೇಲೆ ಅವನ ಭುಜ ಅಲುಗಾಡಿತು. "ಆಯಿಲಾ! ಹಳದ್-ಕುಂಕೂ! ಪೂರಾ ಭರಲಾ ಆಹೇ! ನಾನು ಜಂಗ್ ಅಂತ... ಕಾಕಾ, ನಿಮ್ಮ ಪೇಟಿಗೆ ಇವಳು ಮುತ್ತೈದೆ ಮಾಡಿಟ್ಟಾಳೆ!"

ಅವನ ನಗು ಅವನೊಬ್ಬನದೇ ಆಗಿತ್ತು.

"ಹಿಂದ ಕೈ ಹಾಕಬ್ಯಾಡ ಅಂದಿದ್ನಿ ಇಲ್ಲೋ ನಿನಗ?" ಸುಭಾಷಣ್ಣ ಎದ್ದು ನಿಂತರು. "ನಾಳೆ ಹಾಡಾವ್ರು ಬರತಾರ. ಮೂರ ದಿವಸದ ಕೆಲಸ ಮಣ್ಣ ಆತು. ಮುದುಕ ಮನಷ್ಯಾ ಕೆಲಸ ಬಿಟ್ಟ ಹೊಂಟಿದ್ದ, ಬುದ್ಧಿ ಐತಿ ಏನ ನಿನಗ? ಹೋಗು. ಪಕ್ಕದ ಗಾಳಾದಾಗ ಜಾಗಾ ಇದ್ರ ನೋಡ್ಕೋ."

ನಾನು ಕಾಕಾನ ಕಡೆ ನೋಡಿದೆ. ಅವರು ಏನಾದರೂ ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟು ನೋಡುತ್ತಿದ್ದರು.

"ಶನಿವಾರ ಸ್ಟೇಶನ್‌ದಾಗ ನಾ ಮಾತಾಡಿದಾಗ, ನಿನಗ ಗೊತ್ತಿತ್ತು?"

"ಗೊತ್ತಿತ್ರಿ."

"ಶುಕ್ರವಾರ, ಪೆಡಲ್ ಮ್ಯಾಲ ಕಾಲ ಇತ್ತೇನು ಅಂತ ಇಂವ ಕೇಳಿದಾಗ?"

"ಗೊತ್ತಿತ್ರಿ. ಕಾಲ ಇರಲಿಲ್ರಿ."

"ನಿನ್ನೆ ನಮ್ಮ ಮನ್ಯಾಗ ಹಾರ್ಮೋನಿಯಂ ಕಟ್ಟಿಸಿ ಅಟ್ಟದ ಮ್ಯಾಲ ಇಡಿಸೀನಿ," ಎಂದರು ಕಾಕಾ. "ಮನಿಯಾಕಿ ಇಡಾಕ ಒಲ್ಲೆ ಅಂದ್ಲು. ಜಬರದಸ್ತಿ ಮಾಡಿ ಇಡಿಸೀನಿ." ಸ್ವಲ್ಪ ತಡೆದು ಅಂದರು, "ಕುಂಕುಮ ಹಚ್ಚಿದ್ದಕ್ಕ ನನಗ ಏನೂ ಇಲ್ಲವಾ. ಮೂರ ದಿವಸ ಸುಮ್ನ ಕುಂತಿದ್ದಿ, ನೋಡು."

ಸ್ಟೂಲಿನ ಮೇಲಿದ್ದ ನನ್ನ ಚೀಲ ತೆಗೆದುಕೊಂಡೆ.

ಅಮೋಲ್ ಅಷ್ಟರಲ್ಲಿ ಕೀಬೋರ್ಡ್ ಬಂದ್ ಮಾಡಿ, ಸಣ್ಣ ಬ್ರಶ್ಶಿಗೆ ಸ್ಪಿರಿಟ್ ಹಚ್ಚಿ ತೂತುಗಳನ್ನು ತಿಕ್ಕಿ, ಹತ್ತಿಯಿಂದ ಒರೆಸುತ್ತಿದ್ದ. ಹತ್ತಿ ಕೆಂಪಾಯಿತು, ಹಳದಿಯಾಯಿತು, ಕೊನೆಗೆ ಬೆಳ್ಳಗೇ ಹೊರಗೆ ಬಂತು. ಅವನು ಫೂ ಎಂದು ಊದಿ, ಒಣಗಲು ಬಿಟ್ಟು, ಕೇಬಲ್ ಸಿಕ್ಕಿಸಿ ಮತ್ತೆ ಚಾಲೂ ಮಾಡಿದ.

"ಎಲ್ಲಿಗಿ ಹೊಂಟಿ?" ಎಂದರು ಕಾಕಾ. ನನ್ನನ್ನು ನೋಡದೆ.

"ಸುಭಾಷಣ್ಣಾರು..."

"ಆಂವಂದು ಆಮ್ಯಾಲ. ಇಲ್ಲಿ ಬಾ. ಅಮೋಲಾ, ಏಳೋ ಅಲ್ಲಿಂದ. ಈಕಿ ಕುಂಡ್ರತಾಳ."

ಅಮೋಲನ ಕುರ್ಚಿ ನನಗೆ ಎತ್ತರವಾಗಿತ್ತು. ಪರದೆ ಇಷ್ಟು ಹತ್ತಿರದಿಂದ ಬಹಳ ಬೆಳಕಾಗಿ ಕಂಡಿತು. ಕಾಕಾ ಹೆಡ್‌ಫೋನ್ ಕಿತ್ತು ಬದಿಗಿಟ್ಟರು, ಕೀಬೋರ್ಡಿನ ಸ್ವಂತ ದನಿ ಬಂದ್ ಮಾಡಿಸಿದರು, ಸ್ಪೀಕರನ್ನೂ ಹಾಗೇ ಬಂದ್ ಇಡಿಸಿದರು. ಅವರ ಬೆನ್ನು ಪರದೆಗೆ ಇತ್ತು.

"ನನಗ ಏನೂ ಕೇಳಬಾರದು, ಏನೂ ಕಾಣಬಾರದು. ನಾ ಒಂದೊಂದ ಒತ್ತತೀನಿ. ಬಂದ್ರ ಬಂತು ಅನ್ನು. ಬರದಿದ್ರ ಬರಲಿಲ್ಲ ಅನ್ನು. ಜೋರಾಗಿ. ಈಗ ಸುಮ್ನ ಕುಂಡ್ರಬ್ಯಾಡ."

ಅವರು ಹೆಬ್ಬೆರಳಿನಿಂದ ಶುರು ಮಾಡಿದರು.

"ಬಂತು," ಎಂದೆ.

"ಕೇಳಲಿಲ್ಲ."

"ಬಂತು!"

ತೋರುಬೆರಳು. ಬಂತು. ನಡುಬೆರಳು. ಬಂತು. ಸುಭಾಷಣ್ಣ ಕೈ ಕಟ್ಟಿಕೊಂಡು ನನ್ನ ಹಿಂದೆ ಬಂದು ನಿಂತದ್ದು ಅವರ ಉಸಿರಿನಿಂದ ತಿಳಿಯಿತು.

ಉಂಗುರ ಬೆರಳು ಇಳಿಯಿತು. ಗೆರೆ ಬಂತು. ಆದರೆ ಈ ಪರದೆಯಲ್ಲಿ ಜೋರಾಗಿ ಒತ್ತಿದ ಸ್ವರ ದಟ್ಟ ಹಸಿರು, ಮೆಲ್ಲಗೆ ಒತ್ತಿದ್ದು ತೆಳು ಹಸಿರು. ಇದು ಎಲೆಯ ಹಿಂಬದಿಯ ಹಾಗೆ ತೆಳ್ಳಗಿತ್ತು. ಅಮೋಲನೂ ಕಂಡ. ಕಾಕಾಗೆ ಕಾಣದಂತೆ ತಲೆಯಾಡಿಸಿದ, ಅನ್ನಬೇಡ ಎಂದು. ಅವನ ಕೈ ಆಗಲೇ ಮೌಸಿನ ಕಡೆ ಬಂದಿತ್ತು. ಆಮೇಲೆ ಎಳೆದು ದಟ್ಟ ಮಾಡಿಬಿಡುತ್ತಿದ್ದ, ಯಾರಿಗೂ ತಿಳಿಯುತ್ತಿರಲಿಲ್ಲ.

"ಬಂತೋ ಇಲ್ಲೋ?" ಕಾಕಾನ ಬೆರಳು ಇನ್ನೂ ಕೀ ಮೇಲೆಯೇ ಇತ್ತು. ಗೆರೆ ಉದ್ದವಾಗುತ್ತಲೇ ಇತ್ತು.

"ಬಂತ್ರಿ," ಎಂದೆ. "ತೆಳ್ಳಗ ಬಂತು, ಕಾಕಾ."

ಅಮೋಲ್ ಕಣ್ಣು ಮುಚ್ಚಿಕೊಂಡ. ಪಕ್ಕದಲ್ಲಿ ಪ್ರೆಸ್ ಒಂದು ಸಲ ಬಡಿಯಿತು.

"ಎಷ್ಟ ತೆಳ್ಳಗ?"

"ಬ್ಯಾರೆದ್ದರ ಅರ್ಧ."

ಕಾಕಾ ಕೈ ಎತ್ತಿ, ಮೇಜಿನ ಕೆಳಗಲ್ಲ, ಎಲ್ಲರೆದುರಿಗೇ ಝಾಡಿಸಿದರು. ಮತ್ತೆ ಒತ್ತಿದರು. "ಈಗ?"

"ಹಂಗ ಐತ್ರಿ."

"ಹಂ. ನನಗೂ ಹಂಗ ಅನಸ್ತು." ಅವರ ಬೆನ್ನು ಸ್ವಲ್ಪ ನೆಟ್ಟಗಾಯಿತು. "ಅಂದ್ರ ನನಗ ಅನಸೂದು ಖರೇನ ಐತಿ. ಅಷ್ಟ ಸಾಕು. ಆ ಸ್ವರಕ್ಕ ನಡುಬೆರಳ ದಾಟಿಸಿ ಹಾಕಿದ್ರಾತು. ಹಾರ್ಮೋನಿಯಂದಾಗ ನಮ್ಮ ಗುರುಗಳು ಹಂಗ ಹಾಕತಿದ್ರು, ನಾ ನಗತಿದ್ನಿ."

ಅವರು ನಡುಬೆರಳನ್ನು ಉಂಗುರ ಬೆರಳಿನ ಮೇಲಿಂದ ದಾಟಿಸಿದರು. ಕೈ ಒಂದು ಕಡೆ ಓರೆಯಾಯಿತು, ನೋಡಲು ಚೆಂದವಿರಲಿಲ್ಲ. ಒತ್ತಿದರು.

ದಟ್ಟ ಹಸಿರು.

"ಬಂತು!"

"ಮುಂದ."

"ಬಂತು!"

ಸುಭಾಷಣ್ಣ ಫೋನ್ ತೆಗೆದು, ವೈಶಾಲಿತಾಯಿಯನ್ನು ನಾಳೆ ಹೇಳಿದ ಹೊತ್ತಿಗೇ ಬರಲು ಹೇಳುತ್ತ ಹೊರಗೆ ಹೋದರು. ನನ್ನ ವಿಷಯ ಯಾರೂ ಎತ್ತಲಿಲ್ಲ. ನನ್ನ ಚೀಲ ಇನ್ನೂ ಹೆಗಲಲ್ಲೇ ಇತ್ತು. ಅದನ್ನು ಇಳಿಸಲು ಪರದೆಯಿಂದ ಕಣ್ಣು ತೆಗೆಯಬೇಕಿತ್ತು, ಕಾಕಾ ಬಿಡುವು ಕೊಡುತ್ತಿರಲಿಲ್ಲ.